ಕೊಲೆಗಾರನಿಗಿಂತ ದೊಡ್ಡ ಪ್ರಶ್ನೆ

ಪತ್ತೇದಾರಿ ಕಾದಂಬರಿಯೆಂದರೆ ಮಕ್ಕಳ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕಾದ ಪುಸ್ತಕವೆಂಬ ಭಾವನೆ ಹಲವು ಮನೆಗಳಲ್ಲಿದೆ. ಆದರೆ ಅಮೆರಿಕದ ಕ್ರೈಸ್ತ ಲೇಖಕಿಯರು, ತಾಯಿ ಓದಿದ್ದನ್ನು ಮಗಳ ಕೈಗೂ ಕೊಡಬಹುದಾದ ರೋಚಕ ಪ್ರೇಮಕಥೆಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಕೊಲೆಯಿದೆ, ಬೆದರಿಕೆಯಿದೆ, ಪ್ರೇಮವೂ ಇದೆ, ಅಶ್ಲೀಲತೆ ಇಲ್ಲ.

ಡೀ ಹೆಂಡರ್ಸನ್ ಅವರ ‘ದಿ ನೆಗೋಷಿಯೇಟರ್’ (2000) ಅಂತಹ ಒಂದು ಕೃತಿ. ಒತ್ತೆಯಾಳುಗಳನ್ನು ಬಿಡಿಸಲು ಅಪರಾಧಿಗಳೊಂದಿಗೆ ಮಾತುಕತೆ ನಡೆಸುವುದು ನಾಯಕಿ ಕೇಟ್‌ಳ ಕೆಲಸ. ಅನಾಥರಾಗಿ ಬೆಳೆದ ಏಳು ಮಂದಿ ತಾವೇ ಕಟ್ಟಿಕೊಂಡ ಕುಟುಂಬದಲ್ಲಿ ಅವಳೂ ಒಬ್ಬಳು. ಅವಳನ್ನು ಮೆಚ್ಚುವ ಎಫ್‌ಬಿಐ ಅಧಿಕಾರಿ ಡೇವ್ ದೇವವಿಶ್ವಾಸಿ. ಅವಳಿಗೆ ಆ ವಿಶ್ವಾಸವಿಲ್ಲ. ಆದ್ದರಿಂದ ಅವನು ಹಿಂಜರಿಯುತ್ತಾನೆ. ಅವಳು ಮದುವೆಗಾಗಿ ಅಲ್ಲ, ಮನಸ್ಸು ಒಪ್ಪಿ ನಂಬುವಳೇ? ಕೊಲೆಗಾರ ಯಾರೆಂಬುದಕ್ಕಿಂತ ಈ ಪ್ರಶ್ನೆಯೇ ನಮ್ಮನ್ನು ಹೆಚ್ಚು ಕಾಡುತ್ತದೆ.

ಟೆರಿ ಬ್ಲಾಕ್‌ಸ್ಟಾಕ್ ಮೊದಲು ಬೇರೆ ಹೆಸರುಗಳಲ್ಲಿ ಸಾಮಾನ್ಯ ಪ್ರೇಮ ಕಾದಂಬರಿಗಳನ್ನು ಬರೆಯುತ್ತಿದ್ದರು. 1990ರ ದಶಕದಲ್ಲಿ ಅದನ್ನು ತೊರೆದು, ತಮ್ಮ ವಿಶ್ವಾಸಕ್ಕೆ ಒಪ್ಪುವ ರೋಚಕ ಕಥೆಗಳತ್ತ ಹೊರಳಿದರು.

ಉಪದೇಶವೇ ಕಥೆಯನ್ನು ನುಂಗಿಹಾಕಿದ ಪುಸ್ತಕಗಳೂ ಈ ಸಾಲಿನಲ್ಲಿಲ್ಲದಿಲ್ಲ. ಆದರೂ ಕುತೂಹಲಕ್ಕೆ ಅಶ್ಲೀಲತೆಯ ಆಸರೆ ಬೇಕಿಲ್ಲವೆಂದು ಇವು ತೋರಿಸಿಕೊಟ್ಟಿವೆ. ಸಹೋದರಿಯರೇ, ಮಗಳ ಕೈಯಿಂದ ಕಾದಂಬರಿ ಕಸಿದುಕೊಳ್ಳುವ ಮುನ್ನ, ಬದಲಿಗೆ ಏನು ಕೊಡುತ್ತೇವೆಂದು ಯೋಚಿಸೋಣ.