‘ಸ್ವಲ್ಪ ಅಡ್ಜಸ್ಟ್ ಮಾಡಿ’: ಒಂದು ಪದವಿಚಾರ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಮಾತುಗಳಲ್ಲಿ ಎರಡು ಬಗೆಯುಂಟು. ಬಸ್ಸು, ಸೈಕಲ್ಲು, ಲೇತು ಮೊದಲಾದವು ವಸ್ತುವಿನ ಜೊತೆಯಲ್ಲಿ ಬಂದವು. ವಸ್ತು ನಮ್ಮಲ್ಲಿರಲಿಲ್ಲ, ಆದಕಾರಣ ಹೆಸರೂ ಇರಲಿಲ್ಲ. ಎರಡನೆಯವು ನಮ್ಮಲ್ಲಿ ಹೆಸರುಗಳು ಧಾರಾಳವಾಗಿದ್ದರೂ ಬಂದು ನೆಲೆಸಿದಂಥವು. ಬೆಂಗಳೂರಿನ ಮಟ್ಟಿಗೆ ಈ ಎರಡನೆಯ ಪಂಕ್ತಿಯಲ್ಲಿ ಅಗ್ರಸ್ಥಾನ ‘ಅಡ್ಜಸ್ಟ್’ ಎಂಬ ಪದಕ್ಕೇ ಸಲ್ಲಬೇಕು. ವಿಜಯನಗರದಿಂದ ಕೆಂಗೇರಿಗೆ ಬಸ್ಸಿನಲ್ಲಿ ಹೋಗುವವರು ಇಳಿಯುವುದರೊಳಗೆ ಒಮ್ಮೆಯಾದರೂ ಇದನ್ನು ಕೇಳದೆ ಇರಲಾರರು. ಇದರ ಅರ್ಥಗಳೇನು, ಇದಕ್ಕೆ ಸಮಾನವಾದ ಕನ್ನಡ ಮಾತುಗಳಾವುವು, ಅವನ್ನು ಬಿಟ್ಟು ನಾವು ಇದನ್ನೇಕೆ ಹಿಡಿದೆವು ಎಂಬುದನ್ನು ಯಥಾಮತಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಅದ್’ ಎಂದರೆ ಕಡೆಗೆ, ‘ಯುಕ್ಸ್ತ’ ಎಂದರೆ ಹತ್ತಿರ. ಇವೆರಡೂ ಕೂಡಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಅಡ್ಜಸ್ಟ್’ ಆಯಿತು. ‘ಹತ್ತಿರಕ್ಕೆ ತರು’ ಎಂಬುದೇ ಮೂಲಾರ್ಥ. ನ್ಯಾಯ ಎಂಬರ್ಥ ಕೊಡುವ ‘ಜಸ್ಟ್’ ಶಬ್ದಕ್ಕೂ ಇದಕ್ಕೂ ಬೇರಿನ ಸಂಬಂಧವಿಲ್ಲ. ಉಚ್ಚಾರಣೆಯ ಸಾಮ್ಯದಿಂದ ಅದರ ನೆರಳು ಇದರ ಮೇಲೆ ಬಿದ್ದಿದೆ, ಅಷ್ಟೆ. ಬಸ್ಸಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಒತ್ತಿ ಕುಳಿತು ಮತ್ತೊಬ್ಬರಿಗೆ ಎಡೆಮಾಡುವ ನಮ್ಮ ಜನ, ತಿಳಿಯದೆಯೇ ಲ್ಯಾಟಿನ್ ಮೂಲಾರ್ಥವನ್ನು ಕಾಪಾಡಿಕೊಂಡು ಬಂದಿದ್ದಾರೆ!

ಇನ್ನು ಬಳಕೆಯ ವಿಚಾರ. ಬಸ್ಸಿನಲ್ಲಿ ‘ಅಡ್ಜಸ್ಟ್ ಮಾಡಿ’ ಎಂದರೆ ‘ಸ್ವಲ್ಪ ಸರಿದುಕೊಳ್ಳಿ’ ಎಂದರ್ಥ. ಕಾಮಾಕ್ಷಿಪಾಳ್ಯದ ಷೆಡ್ಡುಗಳಲ್ಲಿ ಯಂತ್ರದ ತಿರುಪನ್ನು ಬಿಗಿಮಾಡಿಯೋ ಸಡಿಲಿಸಿಯೋ ಅಳತೆಗೆ ತರುವುದು ಅಡ್ಜಸ್ಟ್. ಅದು ಕನ್ನಡದ ‘ಸರಿಹೊಂದಿಸು’. ಅಂಗಡಿಯವರು ಕೇಳಿದ ಸಾಮಾನಿಲ್ಲದೆ ಬೇರೊಂದನ್ನು ಕೊಟ್ಟು ‘ಇವತ್ತು ಅಡ್ಜಸ್ಟ್ ಮಾಡಿಕೊಳ್ಳಿ’ ಎಂದರೆ, ಅದು ನಮ್ಮ ಹಿರಿಯರ ‘ಸುಧಾರಿಸಿಕೊಳ್ಳಿ’. ತಿಂಗಳ ಕೊನೆಯಲ್ಲಿ ಗೆಳೆಯನನ್ನು ‘ಐನೂರು ರೂಪಾಯಿ ಅಡ್ಜಸ್ಟ್ ಮಾಡೋ’ ಎಂದು ಕೇಳುವುದು ಕೈಗಡ. ಬರುವ ಸಂಬಳದಲ್ಲಿಯೇ ತಾಯಿ ಮನೆ ನಡೆಸುವುದು ‘ತೂಗಿಸುವುದು’. ಬಾಡಿಗೆ ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚನ್ನು ಮಾಲೀಕರು ಅಡ್ವಾನ್ಸಿನಲ್ಲಿ ಅಡ್ಜಸ್ಟ್ ಮಾಡುವುದು ‘ಮುರಿದುಕೊಳ್ಳುವುದು’. ಹೊಸ ಊರಿನ ನೀರಿಗೆ ಅಡ್ಜಸ್ಟ್ ಆಗುವುದು ‘ಒಗ್ಗುವುದು’. ಮದುವೆಯಾಗಿ ಹೋಗುವ ಹೆಣ್ಣಿಗೆ ಹೇಳುವ ಅಡ್ಜಸ್ಟ್ ‘ಅನುಸರಿಸಿಕೊಂಡು ಹೋಗು’. ಚುನಾವಣೆಯ ಕಾಲದಲ್ಲಿ ಪತ್ರಿಕೆಗಳು ಬರೆಯುವ ‘ಅಡ್ಜಸ್ಟ್‌ಮೆಂಟ್ ರಾಜಕೀಯ’ವಂತೂ ಒಳ ಒಪ್ಪಂದವೇ ಸರಿ. ಹೀಗೆ ಒಂಬತ್ತು ಕನ್ನಡ ಮಾತುಗಳು ನಿಂತಿದ್ದ ಜಾಗದಲ್ಲಿ ಒಂದೇ ಪದ ಬಂದು ಕುಳಿತಿದೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. 1949ರಲ್ಲಿ ರಾಜಾಜಿನಗರವು ಕೈಗಾರಿಕಾ ಬಡಾವಣೆಯಾಗಿ ಆರಂಭವಾದ ತರುವಾಯ ನಗರದ ಈ ಪಶ್ಚಿಮ ಭಾಗಕ್ಕೆ ನಾನಾ ಊರುಗಳಿಂದ, ನಾನಾ ಭಾಷೆಗಳ ಜನ ದುಡಿಮೆಗಾಗಿ ಬಂದರು. ಒಂದೇ ವಠಾರದಲ್ಲಿ ತಮಿಳರು ‘ಅಡ್ಜಸ್ಟ್ ಪಣ್ಣುಂಗ’ ಎನ್ನುತ್ತಾರೆ, ತೆಲುಗರು ‘ಅಡ್ಜಸ್ಟ್ ಚೇಯಂಡಿ’ ಎನ್ನುತ್ತಾರೆ, ಹಿಂದಿಯವರು ‘ಅಡ್ಜಸ್ಟ್ ಕರೋ’ ಎನ್ನುತ್ತಾರೆ. ತಲೆ ಎಲ್ಲರದೂ ಒಂದೇ, ಬಾಲ ಮಾತ್ರ ಬೇರೆ. ಎಲ್ಲರಿಗೂ ತಿಳಿಯುವ ಮಾತು ಎಲ್ಲರ ಬಾಯಲ್ಲೂ ನಿಲ್ಲುವುದು ಸಹಜ. ಮೇಲಾಗಿ ‘ಸ್ವಲ್ಪ’ ಎಂಬುದು ಹಿಂದೆ ಸೇರಿದಾಗ ಅಪ್ಪಣೆಯ ಒರಟುತನ ಹೋಗಿ ವಿನಯ ಬರುತ್ತದೆ.

ಕನ್ನಡದಲ್ಲಿ ಆ ಬಾಲವನ್ನು ಇನ್ನೂ ಸೂಕ್ಷ್ಮವಾಗಿ ಗಮನಿಸಬೇಕು. ‘ಅಡ್ಜಸ್ಟ್ ಆಯಿತು’ ಎಂದರೆ ಮಾಡಿದವರಾರೆಂದು ತಿಳಿಯದು. ‘ಅಡ್ಜಸ್ಟ್ ಮಾಡಿದರು’ ಎಂದರೆ ಮಾಡಿದವರುಂಟು. ‘ಅಡ್ಜಸ್ಟ್ ಮಾಡಿಕೊಂಡರು’ ಎಂದರೆ ಸಾಮಾನ್ಯವಾಗಿ ಭಾರವನ್ನು ತಮ್ಮ ಮೇಲೆಯೇ ಹೊತ್ತುಕೊಂಡರೆಂದು ಅರ್ಥ. ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯಾಪದವೇ ಇಲ್ಲಿ ಹೊರೆಯಾಳು. ನಮ್ಮ ‘ಹೊಂದಾಣಿಕೆ’ ಎಂಬ ಪದಕ್ಕಾದರೋ ಇಬ್ಬರು ಬೇಕು. ಇಬ್ಬರೂ ಒಂದೊಂದು ಹೆಜ್ಜೆ ಇಡಬೇಕು. ‘ಅಡ್ಜಸ್ಟ್ ಮಾಡಿಕೊ’ ಎಂಬುದಕ್ಕೆ ಒಬ್ಬರು ಸಾಕು.

ಇದು ಬರಿಯ ವ್ಯಾಕರಣದ ಮಾತಲ್ಲವೆಂಬುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಬಂದವರಲ್ಲಿ ನಾನೇ ಮೊದಲು. ತಂದೆ ಷೆಡ್ಡೊಂದರಲ್ಲಿ ಲೇತಿನ ಕೆಲಸದವರು. ಒಮ್ಮೆ ಮೂರು ತಿಂಗಳ ಓವರ್‌ಟೈಂ ಹಣವನ್ನು ‘ಮುಂದೆ ಅಡ್ಜಸ್ಟ್ ಮಾಡೋಣ’ ಎಂದು ಮಾಲೀಕರು ಹೇಳಿದರು. ‘ಕೊಡುವುದಿಲ್ಲ’ ಎಂದಿದ್ದರೆ ಏಕೆಂದು ಕೇಳಬಹುದಾಗಿತ್ತು. ‘ಸಾಲವಾಗಿ ಇರಲಿ’ ಎಂದಿದ್ದರೆ ಗಡುವು ಕೇಳಬಹುದಾಗಿತ್ತು. ‘ಅಡ್ಜಸ್ಟ್’ ಎಂದದ್ದರಿಂದ ಏನು ಕೇಳಬೇಕೆಂಬುದೇ ತಂದೆಗೆ ತೋಚಲಿಲ್ಲ. ಆ ವರ್ಷವೇ ನನ್ನ ಅಕ್ಕ ಪಿ.ಯು.ಸಿ.ಗೆ ಓದು ನಿಲ್ಲಿಸಿ, ನನ್ನ ಓದಿಗೆ ಅಡ್ಡಿಯಾಗದಿರಲೆಂದು ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದಳು. ನಂಟರು ಕೇಳಿದರೆ ಮನೆಯಲ್ಲಿ ‘ಅವಳು ಅಡ್ಜಸ್ಟ್ ಮಾಡಿಕೊಂಡಳು’ ಎನ್ನುತ್ತಾರೆ. ಆ ಪದ ಇಲ್ಲಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಅವಳು ‘ಬಿಟ್ಟುಕೊಟ್ಟಳು’. ಬಿಟ್ಟುಕೊಟ್ಟವರು ಯಾರು, ಏನನ್ನು, ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೂ ಈ ಕ್ರಿಯಾಪದ ಉತ್ತರ ಕೇಳುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರ ನಾನು.

ಹಾಗೆಂದು ಈ ಪದವನ್ನು ಗಡಿಪಾರು ಮಾಡಬೇಕೆಂದು ನಾನು ವಾದಿಸುವುದಿಲ್ಲ. ಚಾವಿ, ಅಲಮಾರುಗಳನ್ನು ಪೋರ್ಚುಗೀಸಿನಿಂದ ಪಡೆದು ನಮ್ಮವಾಗಿಸಿಕೊಂಡ ಭಾಷೆ ನಮ್ಮದು. ಬಸ್ಸಿನಲ್ಲಿ, ವಠಾರದಲ್ಲಿ, ಯಂತ್ರದ ಮುಂದೆ ಈ ಪದ ಸುಖವಾಗಿರಲಿ. ಆದರೆ ಒಬ್ಬರ ಕೂಲಿ, ಒಬ್ಬರ ಓದು, ಒಬ್ಬರ ಬಾಳು ಇದರಡಿಯಲ್ಲಿ ಮರೆಯಾಗುವಲ್ಲಿ, ಸಾಲವನ್ನು ಸಾಲವೆಂದೂ ಬಾಕಿಯನ್ನು ಬಾಕಿಯೆಂದೂ ತ್ಯಾಗವನ್ನು ತ್ಯಾಗವೆಂದೂ ಕರೆಯುವಷ್ಟು ಕನ್ನಡ ನಮ್ಮಲ್ಲಿದೆ. ಅದನ್ನು ಬಳಸುವುದು ವಿದ್ಯಾವಂತರಾಗುತ್ತಿರುವ ನಮ್ಮೆಲ್ಲರ ಕರ್ತವ್ಯವೆಂದು ಸಹಪಾಠಿಗಳಲ್ಲಿಯೂ ಗುರುಹಿರಿಯರಲ್ಲಿಯೂ ನನ್ನ ಬಿನ್ನಹ.