ತೇಲುವ ಭತ್ತದ ನಾಡಿನಲ್ಲಿ ಮುಳುಗಿದ ಡಿಸ್ಕ್‌ಗಳು

ಕೆಟ್ಟುಹೋದ ಹಾರ್ಡ್ ಡಿಸ್ಕ್ ಮನೆಯಲ್ಲಿದ್ದರೆ ಒಮ್ಮೆ ಬಿಚ್ಚಿ ನೋಡಿ. ಮುಖ ಕಾಣುವಷ್ಟು ಹೊಳೆಯುವ ತಟ್ಟೆ, ಅದರ ನಡುವೆ ಪುಟ್ಟ ಮೋಟರು, ಪಕ್ಕದಿಂದ ಚಾಚಿಕೊಂಡ ಒಂದು ತೋಳು. ತೋಳಿನ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚೂರು ಕೂತಿರುತ್ತದೆ. ಅದರ ಹೆಸರು ಸ್ಲೈಡರ್. ಓದುವುದು, ಬರೆಯುವುದು ಎಲ್ಲ ಅದರದೇ ಕೆಲಸ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಓಡುತ್ತಿರುವಾಗ, ಸ್ಲೈಡರ್ ಅದನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆಗಲ್ಲೇ.

ಇಂಥ ವಸ್ತು ತಯಾರಾಗುವ ಕೋಣೆಗೆ ಆಳುದ್ದದ ಕೆಸರು ನೀರು ನುಗ್ಗಿದರೆ?

2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಆದದ್ದು ಅದೇ. ಆ ವರ್ಷ ಮುಂಗಾರು ಜೋರಾಗಿತ್ತು, ಅದರ ಮೇಲೆ ಚಂಡಮಾರುತಗಳ ಮಳೆ. ಭೂಮಿಬೋಲ್, ಸಿರಿಕಿತ್ ಅಣೆಕಟ್ಟುಗಳು ತುಂಬಿ ಹೋದವು. ಚಾವೊ ಫ್ರಾಯ ನದಿಯ ಕೆಳದಂಡೆ ಅಂಗೈಯಷ್ಟು ಸಪಾಟು. ಅಲ್ಲಿ ನೆರೆ ಧುಮ್ಮಿಕ್ಕಿ ಬಂದು ಹೋಗುವುದಿಲ್ಲ. ನಿಧಾನವಾಗಿ ಹರಡಿ, ವಾರಗಟ್ಟಲೆ ಬೀಡುಬಿಡುತ್ತದೆ. ಹಳೆಯ ರಾಜಧಾನಿ ಅಯುಥಾಯದ ರೈತರಿಗೆ ಇದು ಹೊಸದಲ್ಲ. ನೀರು ಏರಿದಂತೆ ತಾನೂ ಉದ್ದ ಬೆಳೆದು ತೇಲುವ ಭತ್ತದ ತಳಿಗಳನ್ನು ಅವರು ಬೆಳೆಯುತ್ತಿದ್ದರು. ಅಂಥ ಬಯಲಿನಲ್ಲೇ ಕೈಗಾರಿಕಾ ವಸಾಹತುಗಳು ಎದ್ದವು. ಭತ್ತಕ್ಕೆ ತೇಲಲು ಗೊತ್ತಿತ್ತು, ಕಾರ್ಖಾನೆಗೆ ಗೊತ್ತಿರಲಿಲ್ಲ. ಅಕ್ಟೋಬರ್ ಮೊದಲ ಮೂರು ವಾರಗಳಲ್ಲಿ ಒಂದರ ಹಿಂದೊಂದು ಒಡ್ಡು ಒಡೆದು ಏಳು ದೊಡ್ಡ ವಸಾಹತುಗಳು ಮುಳುಗಿದವು. ಆ ನೆರೆಯಲ್ಲಿ ಸತ್ತವರು 800ಕ್ಕೂ ಹೆಚ್ಚು. ಡಿಸ್ಕಿನ ಲೆಕ್ಕ ಹೇಳುವ ಮೊದಲು ಅದನ್ನು ಹೇಳಬೇಕು.

ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ಶೇ. 40ರಷ್ಟು ಆಗ ಥಾಯ್ಲೆಂಡಿನಲ್ಲಿ ತಯಾರಾಗುತ್ತಿದ್ದವು. ಡಿಸ್ಕ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ಸ್ಲೈಡರ್‌ಗಳನ್ನು ಕೊಯ್ದು ಹದಗೊಳಿಸುತ್ತಿದ್ದ ಘಟಕ, ಮುಳುಗಿದ ವಸಾಹತುಗಳಲ್ಲೊಂದಾದ ಬಾಂಗ್ ಪಾ-ಇನ್‌ನಲ್ಲಿತ್ತು. ಅದರೊಳಗೆ ಆರಡಿ ನೀರು ನಿಂತಿತು. ಮುಳುಗುಗಾರರು ಒಳಗಿಳಿದು ಯಂತ್ರಗಳನ್ನು ಎತ್ತಿ ತಂದರು. ಅವನ್ನು ತೊಳೆದು, ಒಣಗಿಸಿ, ರಿಪೇರಿ ಮಾಡಿ ನವೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಡಿಸ್ಕ್ ಜೋಡಣೆ ಮತ್ತೆ ಶುರು ಮಾಡಿದ್ದು ನನ್ನ ಮಟ್ಟಿಗೆ ಈ ಕತೆಯಲ್ಲೇ ದೊಡ್ಡ ಸಾಹಸ.

ಆದರೆ ಇನ್ನೊಂದು ಡಿಸ್ಕ್ ಕಂಪನಿ ಸೀಗೇಟಿನ ಪಾಡು ಇನ್ನೂ ವಿಚಿತ್ರ. ಅದರ ಸ್ವಂತ ಕಾರ್ಖಾನೆಗಳಿಗೆ ಒಂದು ಹನಿ ನೀರೂ ಬರಲಿಲ್ಲ. ಆದರೂ ಡಿಸ್ಕ್ ಸಾಕಷ್ಟು ಹೊರಬರಲಿಲ್ಲ. ಕಾರಣ, ಬಿಡಿಭಾಗ ಕೊಡುವವರು ಮುಳುಗಿದ್ದರು. ತಟ್ಟೆ ತಿರುಗಿಸುವ ಆ ಪುಟ್ಟ ಮೋಟರನ್ನೇ ನೋಡಿ: ಜಗತ್ತಿನ ಬಹುಪಾಲು ಡಿಸ್ಕ್‌ಗಳಿಗೆ ಅದನ್ನು ಒದಗಿಸುತ್ತಿದ್ದದ್ದು ಜಪಾನಿನ ನಿಡೆಕ್ ಎಂಬ ಒಂದೇ ಕಂಪನಿ. ಅದರ ಥಾಯ್ ಘಟಕಗಳೂ ನೀರಿನಲ್ಲಿ ನಿಂತಿದ್ದವು. ಹೋಳಿಗೆಗೆ ಎಲ್ಲ ಸಿದ್ಧವಿದ್ದು ಬೆಲ್ಲವೇ ಇಲ್ಲದಂಥ ಸ್ಥಿತಿ. ಒಂದೂರಲ್ಲಿ ಎಲ್ಲರೂ ಗುಂಪುಗೂಡಿದರೆ ಸಾಗಣೆ ಖರ್ಚು ಉಳಿಯುತ್ತದೆ, ನುರಿತ ಕೈಗಳು ಸಿಗುತ್ತವೆ, ಸರಕು ಅಗ್ಗವಾಗುತ್ತದೆ. ನಮಗೆ ಡಿಸ್ಕ್ ಅಗ್ಗವಾಗಿ ಸಿಗುತ್ತಿದ್ದ ಕಾರಣವೂ, ಇದ್ದಕ್ಕಿದ್ದಂತೆ ಸಿಗದೇ ಹೋದ ಕಾರಣವೂ ಒಂದೇ.

ಕೆಲವೇ ವಾರಗಳಲ್ಲಿ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರಸ್ತೆಯಲ್ಲೂ ಅದರ ಬಿಸಿ ತಟ್ಟಿತು. ಕಂಪನಿಗಳು ವಾರಂಟಿಯನ್ನೂ ಮೊಟಕು ಮಾಡಿದವು. ಅಮೆರಿಕದಲ್ಲಿ ಜನರ ಕಡತಗಳನ್ನು ಕಾಪಿಡುವ ಬ್ಯಾಕ್‌ಬ್ಲೇಜ್ ಎಂಬ ಕಂಪನಿಗೆ ಒಂದು ಸಂಗತಿ ಹೊಳೆಯಿತು. ಅಂಗಡಿಯಲ್ಲಿ ಡಬ್ಬಿಯೊಳಗೆ ಕೂರಿಸಿ ಮಾರುವ ಎಕ್ಸ್‌ಟರ್ನಲ್ ಡಿಸ್ಕ್ ಇನ್ನೂ ಅಗ್ಗವಿತ್ತು. ಒಬ್ಬರಿಗೆ ಎರಡೇ ಎಂದು ಅಂಗಡಿಯವರು ನಿರ್ಬಂಧ ಹಾಕಿದಾಗ ನೌಕರರು ಅಂಗಡಿಯಿಂದ ಅಂಗಡಿಗೆ ಅಲೆದು ಕೊಂಡುತಂದರು. ಆಮೇಲೆ ಶೇಂಗಾ ಸುಲಿದ ಹಾಗೆ ಪ್ಲಾಸ್ಟಿಕ್ ಸಿಪ್ಪೆ ಸುಲಿದು ಒಳಗಿನ ಡಿಸ್ಕನ್ನು ಸರ್ವರಿಗೆ ಹಾಕಿದರು.

ಅದೇ 2011ರಲ್ಲಿ, ಏಳು ತಿಂಗಳ ಮುಂಚೆ, ಇಂಥದೇ ಪೆಟ್ಟು ಟೇಪಿಗೂ ಬಿದ್ದಿತ್ತು. ಮಾರ್ಚ್ 11ರ ಸುನಾಮಿ ಜಪಾನಿನ ಸೆಂಡೈ ಪಕ್ಕದ ತಗಾಜೊದಲ್ಲಿದ್ದ ಸೋನಿ ಕಾರ್ಖಾನೆಗೆ ನುಗ್ಗಿತು. ಟಿವಿ ಧಾರಾವಾಹಿ, ಸಿನಿಮಾಗಳ ಮೂಲಪ್ರತಿ ಹೊರುತ್ತಿದ್ದ ಎಚ್‌ಡಿಕ್ಯಾಮ್ ಎಸ್‌ಆರ್ ಟೇಪು ತಯಾರಾಗುತ್ತಿದ್ದದ್ದು ಅಲ್ಲೇ. ಹಾಲಿವುಡ್ಡಿನವರು ಒಮ್ಮೆ ಬಳಸಿದ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದರು. ಹೇಗೂ ಬರಲಿದ್ದ ಬದಲಾವಣೆ ಅವಸರದಲ್ಲಿ ಬಂತು: ಟೇಪು ಬಿಟ್ಟು ನೇರ ಕಡತಗಳಲ್ಲೇ ಚಿತ್ರೀಕರಿಸತೊಡಗಿದರು. ಆ ಕಡತಗಳನ್ನು ಇಡಬೇಕಾದದ್ದು ಮತ್ತೆ ಹಾರ್ಡ್ ಡಿಸ್ಕಿನಲ್ಲೇ. ಅಷ್ಟರಲ್ಲಿ ಅಕ್ಟೋಬರ್ ಬಂತು.

ಇಷ್ಟಾದ ಮೇಲೆ ಉದ್ಯಮ ಚದುರಿತು ಎಂದುಕೊಂಡರೆ ತಪ್ಪು. ನೆರೆಗೆ ಮೊದಲೇ ಕುದುರಿದ್ದ ಎರಡು ವ್ಯಾಪಾರ ನೆರೆಯ ನಂತರ ಪೂರ್ತಿಯಾದವು. 2011ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗಿನ ಡಿಸ್ಕ್ ವ್ಯವಹಾರ ಸೀಗೇಟಿನ ಪಾಲಾಯಿತು. ಮುಂದಿನ ಮಾರ್ಚ್‌ನಲ್ಲಿ ಹಿಟಾಚಿಯದು ವೆಸ್ಟರ್ನ್ ಡಿಜಿಟಲ್‌ಗೆ ಹೋಯಿತು. ಐದಿದ್ದ ಕಂಪನಿಗಳು ತೋಶಿಬಾ ಸೇರಿ ಮೂರಾದವು. ಬಾಂಗ್ ಪಾ-ಇನ್ ವಸಾಹತಿನ ಸುತ್ತ ಈಗ ಎತ್ತರದ ತಡೆಗೋಡೆಯಿದೆ.