ಪೆನ್ ಡ್ರೈವ್ ಏರಿ ಬಂದ ಬ್ಲಾಡಬಿಂಡಿ

2014ರ ಜೂನ್ ತಿಂಗಳು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿತ್ತು. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಏಳನೇ ತರಗತಿಯ ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂತು ಪ್ರಾಜೆಕ್ಟ್ ಬರೆಯುತ್ತಿದ್ದಳು. ನಾನು ಪೇಪರ್ ಹಿಡಿದಿದ್ದೆ.

"ತಾತಾ, ಇಲ್ಲಿ ಬಾ. ನಾನು ಮೌಸ್ ಮುಟ್ಟೇ ಇಲ್ಲ, ಬಾಣ ತಾನ ಓಡಾಕತ್ತೈತಿ!"

ಮೌಸ್ ಅಡಿಯಲ್ಲಿ ಧೂಳು ಕೂತಿರಬೇಕು ಅಂದುಕೊಂಡು ಎದ್ದು ಹೋದೆ. ಆಗ ಕಂಡದ್ದು ಬೇರೆ. ಕ್ಯಾಮೆರಾದ ಪಕ್ಕದ ಸಣ್ಣ ಹಸಿರು ದೀಪ ಹೊತ್ತಿಕೊಂಡಿತ್ತು. ಬೆಂಗಳೂರಿನಲ್ಲಿರುವ ಮಗನ ಜೊತೆ ಮಾತಾಡಲೆಂದು ತಂದಿದ್ದ ಕ್ಯಾಮೆರಾ ಅದು. ಆ ಹೊತ್ತಿನಲ್ಲಿ ನಾವು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅರ್ಥವಾಗದ ವ್ಯವಹಾರ ಕಂಡರೆ ಮೊದಲು ಕೌಂಟರ್ ಮುಚ್ಚಬೇಕು, ಲೆಕ್ಕ ನೋಡುವುದು ಆಮೇಲೆ. ಇಂಟರ್ನೆಟ್ ತಂತಿಯನ್ನು ಕಿತ್ತು ಹಾಕಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ!

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಟಾಸ್ಕ್ ಮ್ಯಾನೇಜರ್ ತೆರೆದು, ಅಲ್ಲಿದ್ದ ಗುರುತಿಲ್ಲದ ಹೆಸರಿನ ಪ್ರೋಗ್ರಾಮ್ ಒಂದನ್ನು ನಿಲ್ಲಿಸಿದೆ. ಇಡೀ ಪರದೆ ನೀಲಿಯಾಗಿ ಕಂಪ್ಯೂಟರ್ ಕುಸಿದು ಬಿತ್ತು. ನನ್ನನ್ನು ಕೊಂದರೆ ಯಂತ್ರವೂ ಸಾಯಲಿ ಎಂದು ವಿಂಡೋಸ್‌ನ ಮರ್ಮಕ್ಕೇ ತನ್ನನ್ನು ಬಿಗಿದುಕೊಳ್ಳುವ ಉಪಾಯ ಇಂಥವಕ್ಕೆ ಗೊತ್ತಿರುತ್ತದೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ರಾತ್ರಿ ತಂತಿಯನ್ನು ಮತ್ತೆ ಸಿಕ್ಕಿಸಿ, ಅದೇ ಕಂಪ್ಯೂಟರಿನಲ್ಲಿ ಕೂತು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಾಯಿಸಿದೆ. ನಾವು ಒತ್ತುವ ಒಂದೊಂದು ಅಕ್ಷರವನ್ನೂ ಆ ಪ್ರೋಗ್ರಾಮ್ ಬರೆದುಕೊಳ್ಳಬಲ್ಲದು. ಹೊಸ ಬೀಗದ ಕೈಯನ್ನು ಕಳ್ಳನ ಎದುರೇ ಎಣಿಸಿ ಕೊಟ್ಟಂತಾಯಿತು. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಓಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿ ಬಂದೆ. ಪುಣ್ಯಕ್ಕೆ ಹಣ ಹೋಗಿರಲಿಲ್ಲ. ಆದರೆ ಆ ಹಸಿರು ದೀಪ ಎಷ್ಟು ದಿನದಿಂದ ಹೊತ್ತುತ್ತಿತ್ತು, ಆಚೆ ಕೂತು ಮಗುವನ್ನು ನೋಡಿದವರು ಯಾರು, ಇವತ್ತಿಗೂ ನಮಗೆ ಗೊತ್ತಾಗಿಲ್ಲ. ನನ್ನ ಹೆಂಡತಿ ಏನೂ ಮಾತಾಡದೆ ಹಣೆಯ ಟಿಕಳಿ ತೆಗೆದು ಕ್ಯಾಮೆರಾದ ಕಣ್ಣಿಗೆ ಅಂಟಿಸಿದಳು. ಕಂಪ್ಯೂಟರ್ ಬಲ್ಲವರು ಯಾರೂ ಅದಕ್ಕಿಂತ ಒಳ್ಳೆಯ ಉಪಾಯ ಹೇಳಲಿಲ್ಲ.

ಮಕ್ಕಳೇ, ಇಂಥ ಪ್ರೋಗ್ರಾಮಿಗೆ ಟ್ರೋಜನ್ ಎನ್ನುತ್ತಾರೆ. ಗ್ರೀಕರು ಹತ್ತು ವರ್ಷ ಮುತ್ತಿಗೆ ಹಾಕಿದರೂ ಟ್ರಾಯ್ ನಗರ ಬೀಳಲಿಲ್ಲವಂತೆ. ಕೊನೆಗೆ ಮರದ ದೊಡ್ಡ ಕುದುರೆ ಮಾಡಿ, ಹೊಟ್ಟೆಯೊಳಗೆ ಸೈನಿಕರನ್ನು ಅಡಗಿಸಿ ಬಾಗಿಲಲ್ಲಿ ಬಿಟ್ಟು ಹೋದರು. ಊರಿನವರೇ ಅದನ್ನು ಒಳಗೆ ಎಳೆದುಕೊಂಡರು. ನಮ್ಮ ಕಂಪ್ಯೂಟರಿಗೆ ಬಂದದ್ದು ಹಿಂಬಾಗಿಲು ತೆರೆಯುವ ಜಾತಿಯ ಟ್ರೋಜನ್. ಒಳಗೆ ಬಂದ ಮೇಲೆ ಹೊರಗಿನವರಿಗೆ ಒಂದು ಗುಟ್ಟಿನ ದಾರಿ ಮಾಡಿಕೊಡುತ್ತದೆ. ಇದಕ್ಕೆ ಗ್ರೀಸ್ ದೇಶಕ್ಕೆ ಹೋಗಬೇಕಿಲ್ಲ, ಚಿತ್ರದುರ್ಗದ ಕೋಟೆಯ ಕಿಂಡಿಯನ್ನು ನೆನೆಯಿರಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು ಹೆಬ್ಬಾಗಿಲಲ್ಲಿ ಅಲ್ಲ, ಆ ಕಿಂಡಿಯಲ್ಲಿ. ಓಬವ್ವ ಒನಕೆ ಹಿಡಿದು ನಿಂತದ್ದೂ ಅಲ್ಲಿಯೇ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಆಕೆಯ ತವರು ಎಂದು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಬಂದು ಆಂಟಿವೈರಸ್ ಹಾಕಿ ಕ್ಲೀನ್ ಮಾಡಿಕೊಟ್ಟ. ನಾಲ್ಕು ದಿನಕ್ಕೆ ದೀಪ ಮತ್ತೆ ಹೊತ್ತಿತು. ಟಿಕಳಿ ಇದ್ದದ್ದರಿಂದ ದೀಪ ಮಾತ್ರ ಕಂಡಿತು. ಎರಡನೆಯ ಸಲ ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನೇ ಹೊಸದಾಗಿ ಹಾಕಿದ. ಮನೆಯ ಫೋಟೋಗಳು ಹೋಗಬಾರದೆಂದು ಮೊದಲೇ ಪೆನ್ ಡ್ರೈವ್‌ಗೆ ತುಂಬಿಕೊಂಡು, ಆಮೇಲೆ ವಾಪಸು ಹಾಕಿಕೊಂಡೆವು. ಅದೇ ರಾತ್ರಿ ಮತ್ತೆ ದೀಪ!

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅಂದಿನ ಮೊತ್ತವನ್ನು ಎಷ್ಟು ಸಲ ಕೂಡಿದರೂ ಪ್ರಯೋಜನವಿಲ್ಲ. ತಪ್ಪು ಯಾವ ದಿನ, ಯಾವ ವೋಚರಿನಲ್ಲಿ ಒಳಗೆ ಬಂತು ಎಂದು ಹುಡುಕಬೇಕು. ಮೊಮ್ಮಗಳ ರಫ್ ನೋಟ್‌ಬುಕ್ ತೆಗೆದುಕೊಂಡು, ಪೆನ್ ಡ್ರೈವ್ ಎಲ್ಲೆಲ್ಲಿ ತಿರುಗಿತ್ತು ಎಂದು ಇಬ್ಬರೂ ಕೂತು ದಿನಾಂಕವಾರು ಬರೆದೆವು. ಹಡಗಲಿಯಲ್ಲಿ ನನ್ನ ತಂಗಿಯ ಮಗನ ಮದುವೆ, ಅದರ ಫೋಟೋ ತುಂಬಿಸಿದ್ದು ಹರಪನಹಳ್ಳಿಯ ಒಂದು ಸ್ಟುಡಿಯೋದಲ್ಲಿ. ಕೂಡ್ಲಿಗಿಯ ಬೀಗರ ಮನೆಯಲ್ಲಿ ಟಿವಿಗೆ ಹಾಕಿ ತೋರಿಸಿದ್ದು. ಹಗರಿಬೊಮ್ಮನಹಳ್ಳಿಯ ಗೆಳತಿ ತನ್ನ ಪಾಠ ಹಾಕಿಕೊಟ್ಟದ್ದು. ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಪ್ರಿಂಟ್ ತೆಗೆಸಿದ್ದು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಮಿಕ್ಕವು ಬಳ್ಳಾರಿಯಲ್ಲಿ. ಈಗ ಎಲ್ಲವೂ ವಿಜಯನಗರ ಜಿಲ್ಲೆ. ಪೆನ್ ಡ್ರೈವ್‌ಗೆ ಜಿಲ್ಲೆಯ ಗಡಿ ಯಾವ ಲೆಕ್ಕ?

ಪಟ್ಟಿ ನೋಡುತ್ತಿದ್ದವಳು ತಟ್ಟನೆ ಹೇಳಿದಳು. "ತಾತಾ, ಜೆರಾಕ್ಸ್ ಅಂಗಡಿಯಿಂದ ಬಂದ ಮ್ಯಾಲೆ ಫೋಲ್ಡರ್ ಮ್ಯಾಲೊಂದು ಸಣ್ಣ ಬಾಣ ಬಂದೈತಿ."

ಗುಟ್ಟು ಅಲ್ಲಿತ್ತು. ಪೆನ್ ಡ್ರೈವ್ ಹೊಕ್ಕ ಟ್ರೋಜನ್ ನಮ್ಮ ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದೆ ಇಟ್ಟಿರುತ್ತದೆ. ಮೂಲೆಯ ಆ ಸಣ್ಣ ಬಾಣವೇ ಶಾರ್ಟ್‌ಕಟ್‌ನ ಗುರುತು. ಕ್ಲಿಕ್ ಮಾಡಿದರೆ ಫೋಟೋಗಳು ತೆರೆಯುತ್ತವೆ, ನಮಗೆ ಅನುಮಾನ ಬರುವುದಿಲ್ಲ. ಜೊತೆಗೆ ಟ್ರೋಜನ್ನೂ ಎದ್ದು ಕೂರುತ್ತದೆ. ಎರಡು ಸಲವೂ ಮನೆ ತೊಳೆದು, ಕೆಸರು ಕಾಲಿನ ಅದೇ ಅತಿಥಿಯನ್ನು ನಾವೇ ಕೈಹಿಡಿದು ಕರೆದಿದ್ದೆವು.

ಮುಂದಿನ ಭಾನುವಾರ ಮಗ ಬಂದ. ಬರುವಾಗ ತನ್ನ ಸ್ವಚ್ಛ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಡಿಫೆಂಡರ್ ಆಫ್‌ಲೈನ್ ಅನ್ನು ಒಂದು ಸಿಡಿಗೆ ಬರೆದು ತಂದಿದ್ದ. ಒಮ್ಮೆ ಬರೆದು ಮುಗಿಸಿದ ಸಿಡಿಯ ಮೇಲೆ ವೈರಸ್ ಏನನ್ನೂ ಬರೆಯಲಾರದು, ಅದಕ್ಕೇ ಸಿಡಿ. ಆ ಸಿಡಿಯಿಂದಲೇ ಕಂಪ್ಯೂಟರ್ ಶುರು ಮಾಡಿದರೆ ವಿಂಡೋಸ್ ಏಳುವುದಿಲ್ಲ, ಟ್ರೋಜನ್ ಕೂಡ ಏಳುವುದಿಲ್ಲ. ಮಲಗಿದ್ದಲ್ಲೇ ಹಿಡಿಯಬಹುದು. ಈಗಿನ ವಿಂಡೋಸ್ 10, 11ರಲ್ಲಿ ಸಿಡಿ ಬೇಕಿಲ್ಲ, ವಿಂಡೋಸ್ ಸೆಕ್ಯುರಿಟಿಯ ಒಳಗೇ ಆಫ್‌ಲೈನ್ ಸ್ಕ್ಯಾನ್ ಇದೆ.

ಪೆನ್ ಡ್ರೈವನ್ನೂ ಸಿಕ್ಕಿಸಿಯೇ ಸ್ಕ್ಯಾನ್ ಮಾಡಿದೆವು. ಹೆಸರು ಪರದೆಯ ಮೇಲೆ ಬಂತು: ಬ್ಲಾಡಬಿಂಡಿ. "ಏನದು, ಬೆಂಡಿಕಾಯಿ?" ಎಂದು ಒಳಗಿನಿಂದ ಕೇಳಿದಳು ನನ್ನಾಕೆ. ಫೋಟೋಗಳೇ ಕಾಣದಾದಾಗ ಮೊಮ್ಮಗಳಿಗೆ ಅಳು ಬಂತು. ಹಡಗಲಿಯ ಮಲ್ಲಿಗೆ ದಂಡೆ ಮುಡಿದು ನಗುತ್ತಿದ್ದ ನನ್ನ ಅಕ್ಕನ ಫೋಟೋ ಅದರಲ್ಲಿತ್ತು. ಮದುವೆಯಾದ ತಿಂಗಳಿಗೆ ಅಕ್ಕ ತೀರಿಕೊಂಡಿದ್ದಳು, ಬೇರೆ ಫೋಟೋ ನಮ್ಮಲ್ಲಿ ಇರಲಿಲ್ಲ. ಫಾರ್ಮ್ಯಾಟ್ ಮಾಡಲು ಮಗ ಬಿಡಲಿಲ್ಲ. ಫೋಲ್ಡರ್ ಆಯ್ಕೆಗಳಲ್ಲಿ ಅಡಗಿಸಿದ ಫೈಲ್‌ಗಳನ್ನೂ ಸಿಸ್ಟಮ್ ಫೈಲ್‌ಗಳನ್ನೂ ತೋರಿಸು ಎಂದು ಗುರುತು ಹಾಕಿದ. ಮಬ್ಬು ಬಣ್ಣದಲ್ಲಿ ಎಲ್ಲ ಫೋಲ್ಡರ್‌ಗಳೂ ಒಂದೊಂದಾಗಿ ಮೂಡಿದವು. ಅಕ್ಕ ಅಲ್ಲೇ ಇದ್ದಳು. ಫೋಟೋಗಳನ್ನು ಮಾತ್ರ ತೆಗೆದುಕೊಂಡು, ಆಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿದೆವು.

ಮತ್ತೆ ಬರದಂತೆ ಮಾಡಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರ ಬಳಿ ಇರುತ್ತವೆ, ಒಬ್ಬನೇ ತೆರೆಯಲಾಗದು. ಹಾಗೆಯೇ ಕಂಪ್ಯೂಟರಿನಲ್ಲಿ ಎರಡು ಖಾತೆ ಮಾಡಿದೆವು. ದಿನಬಳಕೆಯ ಖಾತೆಗೆ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಬದಲಾವಣೆ ಮಾಡುವ ಅಧಿಕಾರವಿಲ್ಲ, ಹಾಗೆ ಮಾಡಬೇಕಾದರೆ ಇನ್ನೊಂದು ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್‌ಗಳನ್ನೆಲ್ಲ ಮಗನ ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿದೆ. ಫೈರ್‌ವಾಲ್ ಅನುಮತಿ ಪಟ್ಟಿಯನ್ನೂ ನೋಡಿದೆವು. ಹಳೆಯ ವಿಂಡೋಸ್ ಇರುವವರಿಗೆ ಒಂದು ಮಾತು: ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದೆ.

ಆ ಜುಲೈ ತಿಂಗಳಲ್ಲೇ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಇದೇ ಬ್ಲಾಡಬಿಂಡಿಯ ಬಗ್ಗೆ ದೇಶಕ್ಕೆ ಎಚ್ಚರಿಕೆ ಕೊಟ್ಟ ಸುದ್ದಿ ಪೇಪರಿನಲ್ಲಿ ಬಂತು. ಮೈಕ್ರೋಸಾಫ್ಟ್ ಜೂನ್ ಕೊನೆಗೆ ಕೋರ್ಟ್ ಆದೇಶ ತಂದು, ಇದು ಬಳಸುತ್ತಿದ್ದ ಜಾಲದ ವಿಳಾಸಗಳನ್ನೇ ವಶಕ್ಕೆ ಪಡೆದಿತ್ತು. ಆ ಏಟಿಗೆ ಅದೇ ವಿಳಾಸಗಳನ್ನು ನಂಬಿದ್ದ ಅಮಾಯಕರ ಸೇವೆಗಳೂ ಕೆಲ ದಿನ ನಿಂತವು. ಇಲಿ ಹಿಡಿಯಲು ಹೋಗಿ ಹಗೇವು ಮುಚ್ಚಿದಂತೆ! ಇದಾದ ಮೇಲೆ 2017ರ ಫೆಬ್ರುವರಿಯಲ್ಲಿ ಸರ್ಕಾರ ಸೈಬರ್ ಸ್ವಚ್ಛತಾ ಕೇಂದ್ರ ತೆರೆಯಿತು, ಇಂಥವನ್ನು ತೆಗೆಯುವ ಉಪಕರಣಗಳು ಅಲ್ಲಿ ಪುಕ್ಕಟೆ ಸಿಗುತ್ತವೆ.

ಅಜ್ಜ ಅಜ್ಜಿಯರೇ, ಈಗ ಮರದ ಕುದುರೆ ಬರುವುದು ಮೊಬೈಲಿಗೆ. ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಕರೆಯೋಲೆ ಅಲ್ಲ, ಪ್ರೋಗ್ರಾಮ್. ತೆರೆಯಬೇಡಿ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಜೆರಾಕ್ಸ್ ಅಂಗಡಿಯ ಕಥೆ ಉಳಿಯಿತು. ಜಗಳಕ್ಕೆಂದೇ ಹೋಗಿದ್ದೆ. "ಸಾರ್, ದಿನಾ ಊರಿನ ಪೆನ್ ಡ್ರೈವೆಲ್ಲ ಇದಕ್ಕ ಬರ್ತಾವ, ಯಾರದು ಅಂತ ಹಿಡೀಲಿ?" ಎಂದ ಆ ಹುಡುಗ. ಅವನ ಮಾತೂ ಸರಿಯೇ. ಪರೀಕ್ಷೆ ಬಂದರೆ ಊರಿನ ಮಕ್ಕಳೆಲ್ಲ ನಿಲ್ಲುವುದು ಅವನ ಮುಂದೆ. ಭಾನುವಾರ ಅರ್ಧ ಶಟರ್ ಎಳೆದುಕೊಂಡು ಮೊಮ್ಮಗಳೂ ನಾನೂ ಅದೇ ಸಿಡಿಯನ್ನು ಅವನ ಕಂಪ್ಯೂಟರಿಗೆ ಹಾಕಿ ಕೂತೆವು. ಅವನು ಮಿರ್ಚಿ, ಮಂಡಕ್ಕಿ ತರಿಸಿದ. ಸ್ಕ್ಯಾನ್ ಅರ್ಧಕ್ಕೆ ಬರುವ ಹೊತ್ತಿಗೆ ಎರಡನೇ ಪೊಟ್ಟಣ ಮುಗಿದಿತ್ತು. ಬ್ಲಾಡಬಿಂಡಿಯ ಜೊತೆ ಇನ್ನೂ ಮೂರು ಹೆಸರು ಸಿಕ್ಕಿದ್ದವು.